ಅಸ್ಲಮನ ಪೀಂ ಪೀಂ ಬೂಟು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಯಾರ ಕೈಗೂ ಬಿಡುವಿಲ್ಲ. ಹದಿಮೂರರ ಸುಮಯ್ಯಾ ಮಾರುಕಟ್ಟೆಯ ದಿನ ಶಾಲೆ ತಪ್ಪಿಸಿ, ತಾಯಿ ಬೇನಜೀರಳ ಜೊತೆ ಕೂಲಿಗೆ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅವಳಿಗೊಂದು ಆಸೆ. ಎರಡು ವರ್ಷದ ತಮ್ಮ ಅಸ್ಲಮನಿಗೆ ರಂಜಾನ್ ಹಬ್ಬಕ್ಕೆ, ಹೆಜ್ಜೆ ಇಟ್ಟರೆ ಪೀಂ ಪೀಂ ಎನ್ನುವ ಬೂಟು ಕೊಡಿಸಬೇಕು. ಅದೂ ತನ್ನ ದುಡಿಮೆಯಲ್ಲೇ! ಮಗಳ ಈ ಅಕ್ಕರೆ ಕಂಡು ಬೇನಜೀರಳಿಗೆ ಹೊಟ್ಟೆ ತಣ್ಣಗಾಗಿತ್ತು.

ಒಂದು ಸಂಜೆ ಅಸ್ಲಮ ಹೊಸ್ತಿಲು ಎಡವಿ ಬಿದ್ದ. ಆಗಷ್ಟೇ ಕೆಲಸದಿಂದ ಬಂದಿದ್ದ ಸುಮಯ್ಯಾ ಓಡಿಹೋಗಿ ಅವನ ಕಣ್ಣೀರು ಒರೆಸಿದಳು. ಕೈ ತೊಳೆದಿದ್ದಳು, ಪಾಪ. ಆದರೆ ಆ ಖಾರ ಒಂದು ಸಲ ತೊಳೆದರೆ ಹೋಗುವಂಥದ್ದೇ? ಕೂಸು ಕಿಟಾರನೆ ಕಿರುಚಿತು. ಪಕ್ಕದ ಮನೆಯ ಅಂಗನವಾಡಿ ಶಿಕ್ಷಕಿ ಶ್ರೀದೇವಿ ಓಡಿಬಂದು ತಣ್ಣೀರು ಸುರಿದು ಸುರಿದು ಕಣ್ಣು ತೊಳೆದಳು.

ಅಳು ನಿಂತ ಮೇಲೆ ಅಸ್ಲಮ ಅಕ್ಕನತ್ತ ತೋಳು ಚಾಚಿದ. ಸುಮಯ್ಯಾ ಎತ್ತಿಕೊಳ್ಳಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಅಂಟಿ ನಿಂತಳು.

ಬೇನಜೀರಳ ಕರುಳು ಚುರುಕ್ಕೆಂದಿತು. ಆದರೂ ಒಪ್ಪಿಕೊಳ್ಳಲು ಬಾಯಿ ಬರಬೇಕಲ್ಲ!

"ನಾಕ್ ದಿನಕ್ಕ ರೂಢಿ ಆಗ್ತೈತಿ ಬಿಡ್ರಿ ಅಕ್ಕಾರ. ನಾನೂ ಹಿಂಗ ಕಲ್ತಾಕಿ. ಮಕ್ಕಳು ದುಡೀಬಾರದೇನ್ರಿ?"

"ದುಡಿಯೋದು ಕಲೀಲಿ, ಬ್ಯಾಡ ಅಂದವರ್ಯಾರು?" ಎಂದಳು ಶ್ರೀದೇವಿ. "ಆದ್ರ ಹದಿನಾಲ್ಕು ತುಂಬದ ಹುಡುಗೂರನ್ನ ಕೂಲಿಗೆ ಹಚ್ಚೋದು ಕಾಯ್ದೆ ಪ್ರಕಾರ ತಪ್ಪು. ಹದಿನೆಂಟರ ತನಕ ಅಪಾಯದ ಕೆಲಸಾನೂ ಕೂಡದು."

"ಮತ್ತ ಆಕಿ ಆಸೆ?"

"ಹೋದ ಹಬ್ಬಕ್ಕ ನೀವಿಬ್ರೂ ನನ್ನ ಕೈಗೆ ಮೆಹಂದಿ ಹಚ್ಚಿದ್ರಿ. ಓಣಿ ತುಂಬ ಹೊಗಳಿದ್ರು. ಆ ಕೆಲಸಾನ ನೀನು ಮನ್ಯಾಗ ಶುರು ಮಾಡು. ಸಾಲಿ ಬಿಟ್ಟ ಮ್ಯಾಲ, ಸೂಟಿಯಾಗ ಸುಮಯ್ಯಾ ನಿನಗ ನೆರವಾಗ್ಲಿ. ಅದಕ್ಕ ಕಾಯ್ದೆ ಅಡ್ಡ ಬರಂಗಿಲ್ಲ. ಆದ್ರ ಆಕಿ ಓದು, ಆಟ, ನಿದ್ದಿ ಕೆಡಬಾರದು, ನೋಡು."

"ಯಾರ್ ಬರ್ತಾರ್ರಿ ಹಚ್ಚಿಸ್ಕೊಳ್ಳಾಕ?"

"ಮೊದಲ್ನೇಕಿ ನಾನ ಬರ್ತೇನಿ!"

ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. "ಅಮ್ಮಿ, ಸಾಲಿ ತಪ್ಪಿಸಿದ ದಿನದ ಲೆಕ್ಕ ಒಂದೂ ತಿಳಿವಲ್ದು. ನಿನಗ ಹೇಳಾಕ ಅಂಜಿದ್ದೆ."

ಬೇನಜೀರ ಮಗಳನ್ನು ಎದೆಗೊತ್ತಿಕೊಂಡಳು. "ನಾಳಿಂದ ಸಾಲಿಗೆ ನಡಿ ನನ್ನವ್ವಾ" ಎಂದಳು.

ಹಬ್ಬದ ಮುಂಚಿನ ದಿನಗಳಲ್ಲಿ ಅವರ ಕಟ್ಟೆಯ ಮೇಲೆ ಕೂರಲು ಜಾಗವಿರಲಿಲ್ಲ. ಶಾಲೆಯ ಪಾಠ ಮುಗಿಸಿ ಬಂದ ಸುಮಯ್ಯಾ ಬಂದವರ ಕೈಮೇಲೆ ಮೆಹಂದಿಯ ಎಲೆ, ಬಳ್ಳಿ ಬಿಡಿಸಿದರೆ, ತಾಯಿ ಹೂವು ತುಂಬುತ್ತಿದ್ದಳು. ಹಬ್ಬದ ಬೆಳಿಗ್ಗೆ ಅಸ್ಲಮ ಆ ದುಡ್ಡಿನಲ್ಲಿ ಕೊಂಡ ಹೊಸ ಬೂಟು ತೊಟ್ಟು ಓಣಿ ತುಂಬ ಪೀಂ ಪೀಂ ಮಾಡುತ್ತ ಓಡಿಬಂದು ಅಕ್ಕನ ಮುಂದೆ ತೋಳು ಚಾಚಿದ. ಸುಮಯ್ಯಾ ಎರಡೂ ಕೈಗಳಿಂದ ಬಾಚಿ ಎತ್ತಿಕೊಂಡು, ಬರಿಗೈಯಿಂದಲೇ ಅವನ ಮುಖ ಒರೆಸಿದಳು. ಬೇನಜೀರಳಿಗೆ ಅಳು ತಡೆಯಲಾಗಲಿಲ್ಲ.

ತಾಯಂದಿರೇ, ತಂದೆಯರೇ, ದುಡಿಯುವ ಹುಮ್ಮಸ್ಸು ಇರುವ ಮಗು ನಿಮ್ಮ ಮನೆಯಲ್ಲೂ ಇರಬಹುದು. ಅದರ ಹುಮ್ಮಸ್ಸನ್ನು ಚಿವುಟಬೇಡಿ, ಕೂಲಿಗೂ ಕಳಿಸಬೇಡಿ. ಓದಿಗೆ ಅಡ್ಡಿಯಾಗದ, ಮೈಗೆ ನೋವಾಗದ ಕೆಲಸವನ್ನು ನಿಮ್ಮ ಜೊತೆಯಲ್ಲೇ ಕಲಿಸಿ. ಎಲ್ಲಾದರೂ ಮಗು ಕೂಲಿಗಿರುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಇವತ್ತು ಸಂಜೆ ನಿಮ್ಮ ಮಗು ಮನೆಗೆ ಬಂದಾಗ, ಅದರ ಎರಡೂ ಕೈ ಹಿಡಿದು ಒಮ್ಮೆ ನೋಡಿ.