ಅರಿಶಿನ ನುಂಗಿದ ಅಂಕಿಗಳು

ಕೀಲಿಸಂಖ್ಯೆಯ ಆರನೆಯ ಗುಂಪಿನ ಅಂಕಿಗಳನ್ನು ಶಶಾಂಕ ಊಹಿಸಿ ಒತ್ತಿದ. ಕಂಪ್ಯೂಟರು ಒಪ್ಪಲಿಲ್ಲ. ಅಳಿಸಿ ಬೇರೆ ಒತ್ತಿದ. ಅದಕ್ಕೂ ಇಲ್ಲ.

ಪಕ್ಕದಲ್ಲಿ ನಿಂತಿದ್ದ ನಮಿತಾ ನೋಡುತ್ತಿದ್ದಳು. ಅವನ ಕೈಯಲ್ಲಿದ್ದ ಕಾಗದವನ್ನು ಮುದ್ರಿಸಿಕೊಟ್ಟವಳು ಅವಳೇ. ನಲವತ್ತೆಂಟು ಅಂಕಿಗಳಲ್ಲಿ ಈಗ ಮೂವತ್ತು ಉಳಿದಿದ್ದವು, ಮಿಕ್ಕಿದ್ದು ಅರಿಶಿನದ ಕಲೆ. ಆಯುಧಪೂಜೆಯ ದಿನ ಶಶಾಂಕನ ತಾಯಿ ಸುಬ್ಬಲಕ್ಷ್ಮಿ, ನರ್ಸರಿಯ ಕತ್ತಿ, ಕಸಿಚಾಕುಗಳ ಸಾಲಿನಲ್ಲಿ ಈ ಕಾಗದವನ್ನೂ, ಇದರಲ್ಲಿ ಸುತ್ತಿಟ್ಟಿದ್ದ, ಇದೇ ಅಂಕಿಗಳಿದ್ದ ಪೆನ್‌ಡ್ರೈವನ್ನೂ ಇಟ್ಟು, ಕೀಲಿಯೂ ಆಯುಧವೇ ಎಂದು ಅರಿಶಿನ ಹಚ್ಚಿ, ಹಾಲು ನೀರು ಎರೆದು ಪೂಜಿಸಿದ್ದರು. ಪೆನ್‌ಡ್ರೈವ್ ಆವತ್ತೇ ಸತ್ತಿತ್ತು. ಕಳೆದ ವಾರ ಮದರ್‌ಬೋರ್ಡ್ ಬದಲಿಸಿದ ಮೇಲೆ ಕಂಪ್ಯೂಟರು ಆ ಅಂಕಿಗಳಿಲ್ಲದೆ ಬಾಯಿ ಬಿಡುತ್ತಿರಲಿಲ್ಲ.

ಒಳಗಿದ್ದದ್ದು ನೂರಾಹನ್ನೆರಡು ಅಪ್ಪೆಮಿಡಿ ಮಾವಿನ ಮರಗಳ ಜಾಗದ ವಿವರ. ಉಪ್ಪಿನಕಾಯಿಗೆ ಒದಗುವ ಮಿಡಿ ಯಾವ ಹಳ್ಳದ ದಂಡೆಯಲ್ಲಿದೆಯೆಂದು ಗೊತ್ತಾದರೆ ಜನ ಟೊಂಗೆ ಕಡಿದೇ ಕೊಯ್ಯುತ್ತಾರೆ, ಅದಕ್ಕೇ ಕೀಲಿ. ಸಿದ್ದಾಪುರದಿಂದ ಇಡಗುಂದಿಯವರೆಗೆ ನಾಲ್ಕು ವರ್ಷ ಹಳ್ಳ ಇಳಿದು, ರಕ್ತ ಹೀರುವ ಉಂಬಳಗಳಿಂದ ಕಚ್ಚಿಸಿಕೊಂಡು, ಸೊನೆ ಸಿಡಿದು ಕೆನ್ನೆ ಸುಟ್ಟುಕೊಂಡವಳು ನಮಿತಾ. ತಳಿ ನೋಂದಣಿಗೆ ಅರ್ಜಿ ಹೋದದ್ದು ಮಾತ್ರ ಶಶಾಂಕನೊಬ್ಬನ ಹೆಸರಲ್ಲಿ. ಶಿರಸಿಯ ಸಭೆಯಲ್ಲಿ ಅವಳತ್ತ ಕೈ ತೋರಿಸಿ, ಇವಳು ನಮ್ಮಲ್ಲಿ ಟೈಪ್ ಮಾಡುತ್ತಾಳೆ ಎಂದಿದ್ದ. ಮರುದಿನವೇ ಅವಳು ಕೆಲಸ ಬಿಟ್ಟಿದ್ದಳು; ಇವತ್ತು ಅವನು ಕರೆಸಿದ್ದಕ್ಕೆ ಬಂದಿದ್ದಳು.

ಸೋಮವಾರ ಅಧಿಕಾರಿಗಳು ಮರ ನೋಡಲು ಬರುವವರಿದ್ದರು. ಇದು ಮಿಡಿಯ ಕಾಲವಲ್ಲ, ಕಾಡಿನ ಮಾವೆಲ್ಲ ಒಂದೇ ಹಸಿರು. ಶಶಾಂಕ ಒಂದು ಹಳ್ಳವನ್ನೂ ಇಳಿದವನಲ್ಲ.

ಸುಬ್ಬಲಕ್ಷ್ಮಿ ಚಾ ತಂದಿಟ್ಟು, ಎಲ್ಲ ತನ್ನಿಂದಲೇ ಆಯಿತೆಂದು ಕಣ್ಣೊರೆಸಿಕೊಂಡರು. ನಮಿತಾಳಿಗೆ ಪಾಪ ಎನಿಸಿತು. ಆ ಮರುಕ ಹೋಗಲಿ ಎಂದು ಕಾದಳು. ಹೋಯಿತು.

"ನಿನ್ ಹತ್ರ ಇನ್ನೊಂದು ಪ್ರತಿ ಇದ್ದಲ್ದ?" ಶಶಾಂಕ ಕೇಳಿದ.

"ಇದ್ದು. ಈ ಚೀಲದಲ್ಲೇ ಇದ್ದು. ಟೈಪ್ ಮಾಡವ್ಕೆ ಪ್ರತಿ ಇಟ್ಕಂಬದು ಅಭ್ಯಾಸ."

ಅವನು ಮೇಜಿನ ಖಾನೆಯಿಂದ ಹೊಸ ಅರ್ಜಿ ತೆಗೆದು ಅವಳ ಮುಂದೆ ಸರಿಸಿದ. ಅವಳ ಹೆಸರು ಮೇಲೆ, ಅವನದು ಕೆಳಗೆ, ಸಹಿಯೂ ಆಗಿತ್ತು. ಶಿರಸಿಯಲ್ಲಿ ಅದೇ ಜನರ ಮುಂದೆ ತಪ್ಪೊಪ್ಪಿಕೊಳ್ಳುವುದಾಗಿಯೂ ಹೇಳಿದ. ಕೆಲಸ ಬಿಟ್ಟ ದಿನ ಅವಳು ಬಯಸಿದ್ದು ಇಷ್ಟನ್ನೇ.

ಡಿಸ್ಕು ತೆರೆಯದಿದ್ದರೆ ತನ್ನ ನಾಲ್ಕು ವರ್ಷವೂ ಅದರೊಳಗೇ ಕೊಳೆಯುತ್ತದೆಂದು ಅವಳಿಗೆ ಗೊತ್ತಿತ್ತು. ಅರ್ಜಿಯನ್ನು ಕೊನೆಯ ಸಾಲಿನವರೆಗೂ ನಿಧಾನವಾಗಿ ಓದಿ, ಅವನತ್ತಲೇ ತಿರುಗಿಸಿಟ್ಟು, ಚೀಲ ಬಿಚ್ಚದೆ ಹೆಗಲಿಗೇರಿಸಿದಳು.

"ಯಂಗೆ ಬ್ಯಾಡ," ಎಂದಳು. "ಸೋಮವಾರ ನಿನ್ ಹೆಸರೊಂದೇ ಇರ್ಲಿ."