ಸುಡದೆ ಉಳಿದ ಚೀಟಿ

ಮಿಸಿಸಿಪ್ಪಿಯ ಕೋಳಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದ ಕಪ್ಪು ಹೆಂಗಸು ಅರ್ನೆಟಾ. ಮೇಲಿನ ಕೆಲಸ ಪ್ರತಿ ಸಲವೂ ಬಿಳಿಯರ ಪಾಲಾಗುತ್ತಿತ್ತು. ಮೇಸ್ತ್ರಿ ಟ್ರಾವಿಸ್ ಬಣ್ಣ ನೋಡಿ ಕೆಲಸ ಹಂಚುತ್ತಾನೆಂದು ಅವಳು ಒಂದು ಸೋಮವಾರ ಆಫೀಸಿಗೆ ಹೋಗಿ ಬಾಯಿಮಾತಿನಲ್ಲೇ ದೂರು ಕೊಟ್ಟಳು. ಶುಕ್ರವಾರ ಅವಳನ್ನು ಮಾಂಸ ಹೆಪ್ಪುಗಟ್ಟಿಸುವ ಮಂಜಿನ ಕೋಣೆಯ ಕೆಲಸಕ್ಕೆ ದೂಡಿದರು. ಅವಳು ಫೆಡರಲ್ ಕೋರ್ಟಿನಲ್ಲಿ ಕೇಸು ಹಾಕಿದ್ದಾಳೆ; ಈಗ ಕಂಪನಿ ಅಲ್ಲಿ ಹೇಳುವುದೇ ಬೇರೆ: ಕೋಣೆ ಬದಲಾದ ಮೇಲೆ ಹುಟ್ಟಿದ ದೂರು ಇದು.

"ದೂರು ಮೊದಲು, ಸೇಡು ಆಮೇಲೆ. ಅದನ್ನ ತೋರಿಸೋಕೆ ಒಂದು ಕಾಗದವಾದ್ರೂ ಬೇಕು," ಎಂದಿದ್ದಳು ಅವಳ ವಕೀಲೆ ಹಾಲಿ. "ಇಲ್ಲಾಂದ್ರೆ ನ್ಯಾಯಾಧೀಶರೇ ತಳ್ಳಿಹಾಕ್ತಾರೆ, ಕೇಸು ಜ್ಯೂರಿ ಮುಖಾನೇ ನೋಡಲ್ಲ."

ದೂರು ಕೊಟ್ಟ ವಾರದ ಬುಧವಾರವೇ ಚರ್ಚಿನ ಪೆಟ್ಟಿಗೆಗೆ ಪ್ರಾರ್ಥನೆಯ ಚೀಟಿ ಹಾಕಿದ್ದು ಅರ್ನೆಟಾಗೆ ನೆನಪಿತ್ತು. ಆದರೆ ವರ್ಷದ ಕೊನೆಗೆ ಚೀಟಿಗಳನ್ನೆಲ್ಲ ಸುಡುತ್ತಾರಲ್ಲ. ಆದರೂ ಆ ಪೆಟ್ಟಿಗೆ ನೋಡಿಕೊಳ್ಳುವ ಚರ್ಚಿನ ಹಿರಿಯಳು ಮದರ್ ಯೂಲಾಳ ಮನೆಗೆ ಹೋದಳು.

"ಫಲ ಸಿಕ್ಕವರದ್ದು ಮಾತ್ರ ಸುಡೋದು ಕಣೇ," ಎಂದಳು ಯೂಲಾ. "ನಿನಗೆ ಸಿಕ್ತಾ?"

"ಎಲ್ಲಿ ಅಮ್ಮ."

"ಹಾಗಾದ್ರೆ ಇಲ್ಲೇ ಇರತ್ತೆ. ದೇವರಿಗೆ ಬಾಕಿ ಕೆಲಸ ನೆನಪಿಸೋದು ಬೇಡ್ವಾ?" ಎನ್ನುತ್ತ ಮುದುಕಿ ಬಿಸ್ಕತ್ತಿನ ಡಬ್ಬಿ ತೆರೆದಳು. ಪ್ರತಿ ಚೀಟಿಯ ನೆತ್ತಿಯ ಮೇಲೂ ಅದು ಬಂದ ದಿನ ಅವಳೇ ಒತ್ತಿದ ತಾರೀಖಿನ ಮುದ್ರೆಯಿತ್ತು.

ಅರ್ನೆಟಾಳ ಚೀಟಿಯೂ ಸಿಕ್ಕಿತು: 'ಸ್ವಾಮಿ, ಸೋಮವಾರ ಆಫೀಸಿನಲ್ಲಿ ಟ್ರಾವಿಸ್ ಮೇಲೆ ದೂರು ಹೇಳಿದೆ. ಬಲ ಕೊಡು.' ಅದರ ಕೆಳಗೆ ಇನ್ನೊಂದು ಸಾಲು. ಅದನ್ನು ಕಂಡು ಅವಳ ಕಿವಿ ಬಿಸಿಯಾಯಿತು.

"ಅಮ್ಮ, ಈ ಕೊನೇ ಸಾಲು..."

"ಕತ್ತರಿ ಅಡಿಗೆಮನೇಲಿದೆ," ಎಂದಳು ಯೂಲಾ, ಡಬ್ಬಿ ಮುಚ್ಚುತ್ತ. "ಮೇಲಿರೋನು ಆಗಲೇ ಓದಿಬಿಟ್ಟಿದ್ದಾನೆ. ಇನ್ನು ಯಾರಿಂದ ಮುಚ್ಚಿಡ್ತೀಯೋ ನಿನ್ನಿಷ್ಟ."

ಅರ್ನೆಟಾ ಅಡಿಗೆಮನೆಯ ಬಾಗಿಲವರೆಗೆ ಹೋದಳು. ಬರಿಗೈಯಲ್ಲಿ ಹಿಂದಿರುಗಿದಳು.

ವಿಚಾರಣೆಗೆ ಮುನ್ನ ವಕೀಲರು ಅವಳ ಹೇಳಿಕೆ ಬರೆಸಿಕೊಳ್ಳುವ ದಿನ ಟ್ರಾವಿಸ್ ಮೇಜಿನ ಆಚೆ ಕೂತಿದ್ದ. ಅವಳ ವಕೀಲೆ ಸಲ್ಲಿಸಿದ್ದ ಚೀಟಿಯನ್ನು ಕಂಪನಿಯ ವಕೀಲ ಅವಳತ್ತ ಸರಿಸಿದ.

"ಕೊನೇ ಸಾಲನ್ನೂ ಓದಿ, ಮೇಡಂ."

ಅವಳು ನಿಧಾನವಾಗಿ ಓದಿದಳು: "'ಅವನ ಮಕ್ಕಳಿಗೂ ಹೀಗೇ ಬಾಗಿಲು ಮುಚ್ಚಲಿ.'"

"ಇದು ಹಗೆ ಅಲ್ವಾ?"

"ಪಾಪ, ಸರ್. ಅದಕ್ಕೆ ಬೇರೆ ಕಡೆ ಉತ್ತರ ಕೊಡ್ತೀನಿ. ನಿಮಗೆ ಬೇಕಾಗಿರೋದು ತಾರೀಖು. ಅದು ಮೇಲ್ಗಡೆ ಇದೆ."

ಟ್ರಾವಿಸ್ ಮುಂದೆ ಬಾಗಿ ಚೀಟಿಯ ತಾರೀಖು ಓದಿದ.

ಮೂರು ತಿಂಗಳಾದ ಮೇಲೆ, ಕೇಸನ್ನು ಜ್ಯೂರಿಯೇ ಕೇಳಲಿ ಎಂದು ನ್ಯಾಯಾಧೀಶರು ಆದೇಶ ಬರೆದರು. ಗೆಲ್ಲುವುದು ಸೋಲುವುದು ಇನ್ನೂ ಮುಂದಿತ್ತು.

ಆ ಬುಧವಾರ ಅರ್ನೆಟಾ ಹೊಸ ಚೀಟಿ ಬರೆದಳು. ಕೇಸಿನ ಮಾತು ಅದರಲ್ಲಿರಲಿಲ್ಲ. ಟ್ರಾವಿಸನ ಇಬ್ಬರು ಮಕ್ಕಳಿಗೆ ಬಾಗಿಲು ತೆರೆದಿರಲಿ ಎಂದಷ್ಟೇ ಇತ್ತು. ಅದನ್ನು ಪೆಟ್ಟಿಗೆಗೆ ಹಾಕದೆ ಯೂಲಾಳ ಕೈಗೇ ಕೊಟ್ಟಳು.

"ತಾರೀಖು ಒತ್ತು ಅಮ್ಮ. ಕಾಣೋ ಹಾಗೆ ಒತ್ತು."