ಮೀನಿನ ತೊಟ್ಟಿಗೆ ನೂರರ ಬಲ್ಬು

ನನ್ನ ಕಣ್ಣು ತಪ್ಪಿಸಿ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಒಂದು ಸೀಮೆಸುಣ್ಣವೂ ಆಚೆ ಹೋಗುತ್ತಿರಲಿಲ್ಲ. ವಿಜ್ಞಾನದ ಮೇಷ್ಟ್ರು ಚನ್ನಕೇಶವ ಅಂದರೆ ಅನುಮಾನದ ಪಿಶಾಚಿ ಅಂತ ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ.

ಪ್ರಯೋಗದ ಕೋಣೆಯಲ್ಲಿ ನಾನೇ ಕಟ್ಟಿಸಿದ ಗಾಜಿನ ತೊಟ್ಟಿಯಿತ್ತು. ಅದರಲ್ಲಿ ಆರು ಮೀನು, ಅಂಬಾಜಿದುರ್ಗದ ಬೆಟ್ಟದ ಬುಡದ ಕೆರೆಯಿಂದ ತಂದ ನೀರುಗಿಡಗಳು. ಕೋಣೆಗೆ ಬಿಸಿಲು ಬೀಳದ ಕಾರಣ ತೊಟ್ಟಿಯ ಮೇಲೆ ಹಗಲೆಲ್ಲ ಬಲ್ಬು ಉರಿಯಬೇಕು. ಅರವತ್ತೆರಡರ ಬೇಸಿಗೆಗೆ ಮುಂಚೆ ಆ ಬಲ್ಬು ಸುಟ್ಟುಹೋಯಿತು.

ಹೊಸದು ತರಲು ಚಿಂತಾಮಣಿಗೆ ಹೋದೆ. ಅಂಗಡಿಯ ವೆಂಕಟರವಣಪ್ಪ, "ಅಷ್ಟು ಗಿಡಕ್ಕೆ ನಲವತ್ತು ವ್ಯಾಟಿಂದು ಸಾಕು ಮೇಷ್ಟ್ರೇ. ನೂರರದ್ದು ಹಾಕಿದ್ರೆ ನೀರು ಕಾಯ್ತದೆ" ಅಂದ. ಮಾರಾಟವಾಗದ ಮಾಲನ್ನು ನನಗೆ ದಾಟಿಸುತ್ತಿದ್ದಾನೆ ಅಂತ ಹೊಳೆಯಿತು. ನೂರರದ್ದೇ ಕೊಂಡೆ.

ವಾರದಲ್ಲಿ ಗಿಡ ಹಸಿರಾಗುವ ಬದಲು ಹಳದಿಯಾಯಿತು. ಮಧ್ಯಾಹ್ನ ಪಾಠ ಮುಗಿಸಿ ಬಂದು ಬಲ್ಬು ಮುಟ್ಟಿದರೆ, ಉರಿಯುತ್ತಿದ್ದರೂ ತಣ್ಣಗಿತ್ತು. ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ, ನಾನು ಮತ್ತು ಜವಾನ ಮುನಿಗಂಗಪ್ಪ. ಜಂಗಮಕೋಟೆಯವನು, ಮನೆತುಂಬ ರೇಷ್ಮೆ ಹುಳು ಸಾಕುವವರು. ಎರಡು ವರ್ಷದಿಂದ ಹಂಗಾಮಿ. ಕೆಲಸ ಖಾಯಂ ಆಗುವ ಆದೇಶಕ್ಕಾಗಿ ಕೋಲಾರದ ಕಡೆ ಮುಖ ಮಾಡಿ ಕೂತಿದ್ದ. ನಾನು ಬಲ್ಬಿನ ಬುರುಡೆಗೆ ಮಸಿಯ ಗುರುತು ಹಾಕಿದೆ. ಮಾರನೆಯ ದಿನ ಗುರುತಿಲ್ಲ! ಒಳ್ಳೆಯ ಬಲ್ಬು ಅವನ ಮನೆಗೆ, ಯಾವುದೋ ಸಣ್ಣ ಬಲ್ಬು ನನ್ನ ತೊಟ್ಟಿಗೆ. ಇನ್ನೇನು ಸಾಕ್ಷಿ ಬೇಕು?

ಕೋಲಾರದ ವಿದ್ಯಾ ಇಲಾಖೆಯ ಕಚೇರಿಗೆ ದೂರು ಬರೆದೆ. ಇಂಥ ಕಳ್ಳನನ್ನು ಖಾಯಂ ಮಾಡಬಾರದು ಅಂತಲೂ ಸೇರಿಸಿದೆ. ಹೆಡ್‌ಮಾಸ್ಟರ್ ನರಸಿಂಹಪ್ಪನವರು ಒಲ್ಲದ ಮನಸ್ಸಿನಿಂದ ಸಹಿ ಹಾಕಿದರು. ಲಕೋಟೆ ಅಂಟಿಸಿ ಮುನಿಗಂಗಪ್ಪನ ಕೈಗೇ ಕೊಟ್ಟೆ. ಅವನಿಗೆ ಓದು ಬಾರದು. "ಇವತ್ತಿನ ಟಪಾಲಿಗೇ ಹೋಗ್ಬೇಕು, ಓಡು" ಅಂದೆ.

ಅವನು ಅತ್ತ ಹೋದದ್ದೇ ನಾನು ತೊಟ್ಟಿಯ ಕೋಣೆಗೆ ಹೋದೆ. ಬಲ್ಬು ಆರಿತ್ತು. ತೊಟ್ಟಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿತ್ತು. ಅದನ್ನು ಎತ್ತಿ ಬಲ್ಬು ಇಳಿಸಿ ನೋಡಿದರೆ ನೂರು ಅಂತಲೇ ಇತ್ತು, ನಾನು ತಂದದ್ದೇ. ಮಸಿಯ ಕಲೆ ಹುಡುಕುತ್ತ ಅದನ್ನು ಎಷ್ಟು ಹೊತ್ತು ತಿರುಗಿಸಿದೆನೋ, ಟಪಾಲಿನಿಂದ ಮರಳಿದ ಮುನಿಗಂಗಪ್ಪನ ಕೂಗು ಬಾಗಿಲಿಂದ ಬಂತು.

"ಗೋಣಿ ತೆಗೀಬೇಡಿ ಸ್ವಾಮಿ! ಮೀನು ಜ್ವರಕ್ಕೆ ನಿಂತವೆ!"

"ಏನಯ್ಯ ಜ್ವರ?"

"ನಮ್ಮ ಹುಳ ಪೊರೆ ಬಿಡೋವಾಗ ಮೇವು ಮುಟ್ಟಲ್ಲ ಸ್ವಾಮಿ, ತಲೆ ಮೇಲಕ್ಕೆತ್ತಿ ಅಲ್ಲಾಡದೆ ನಿಂತ್ಕೊಂತವೆ. ಅದಕ್ಕೇ ಜ್ವರ ಅಂತೀವಿ. ಆವಾಗ ಬೆಳಕು ತೋರಿಸಬಾರ್ದು. ಈ ಬಲ್ಬು ಬಂದಾಗಿಂದ ಮೀನೂ ಹಂಗೇ ಬಾಯಿ ಮೇಲೆ ಮಾಡ್ಕೊಂಡು ನಿಂತಿದ್ವು. ನೀವು ಪಾಠಕ್ಕೆ ಹೋದಾಗ ಆರಿಸಿ ಹೊದಿಸ್ತಿದ್ದೆ, ನೀವು ಬರೋ ಹೊತ್ತಿಗೆ ತೆಗೆದು ಹಚ್ಚಿಡ್ತಿದ್ದೆ. ಬಲ್ಬಿಗೆ ಯಾರೋ ಮಸಿ ಬಳಿದಿದ್ರು, ಅದನ್ನೂ ಒರೆಸಿದೆ."

ಮೀನಿಗೆ ಎಲ್ಲಿಯ ಪೊರೆ! ನನ್ನ ನೂರರ ಬಲ್ಬಿಗೆ ನೀರು ಕಾದು ಅವು ಉಸಿರಿಗಾಗಿ ಬಾಯಿ ಬಿಡುತ್ತಿದ್ದವು. ಇವನ ಕತ್ತಲೆಗೆ ಗಿಡ ಹಳದಿಯಾಗಿತ್ತು, ಇವನ ಕತ್ತಲೆಯಿಂದಲೇ ಆರಕ್ಕೆ ಆರೂ ಮೀನು ಉಳಿದಿದ್ದವು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಆ ಲಕೋಟೆ ಎಲ್ಲಪ್ಪ?"

"ಕೊಟ್ಟು ಬಂದೆ ಸ್ವಾಮಿ. ಓಡು ಅಂದಿದ್ರಲ್ಲ, ಓಡ್ತಾನೇ ಹೋದೆ. ಟಪಾಲಿನ ಚೀಲ ಕೋಲಾರದ ಬಸ್ಸಿಗೆ ಏರಿಸೋವರೆಗೂ ನಿಂತು ನೋಡ್ಕೊಂಡು ಬಂದೆ." ಆಮೇಲೆ ಸಂಕೋಚದಿಂದ ತಲೆ ಕೆರೆದುಕೊಂಡ. "ಅಷ್ಟು ಅವಸರ ಮಾಡಿದ್ರಲ್ಲ... ನಾನು ಖಾಯಂ ಆಗೋ ಕಾಗದಾನಾ ಸ್ವಾಮಿ ಅದು?"

"ಹೌದಪ್ಪ" ಅಂದೆ.

ಅವನು ಎರಡೂ ಕೈ ಮುಗಿದ. ನಾನು ಬಲ್ಬನ್ನು ಮೇಜಿನ ಮೇಲಿಟ್ಟು, ಕೊಡೆಯನ್ನೂ ತೆಗೆದುಕೊಳ್ಳದೆ, ಮುಂದಿನ ಕೋಲಾರದ ಬಸ್ಸು ಹಿಡಿಯಲು ಓಡಿದೆ.